ಎರಡು ಪೆಟ್ಟು ಬಿದ್ದರೆ ಹೊರಡು

ನಮ್ಮ ಧನಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರೆ ಏನಾದರೊಂದು ಆಗಿಯೇ ಆಗುತ್ತದೆ. ಏನೂ ಆಗದೆ ಮನೆಗೆ ಬಂದ ದಿನ ನಾನು ಇಳಿದು ಟೈರು ನೋಡುತ್ತೇನೆ. ಪಂಕ್ಚರ್ ಆಗಿರುತ್ತದೆ.

ಧನಿಗಳಿಗೆ ಈಗ ತೊಂಬತ್ತಮೂರು. ನನಗೆ ಎಪ್ಪತ್ತೊಂದು. ಅವರ ಕಾರಿಗೆ ನಾನು ಡ್ರೈವರ್ ಆಗಿ ನಲವತ್ತೆಂಟು ವರ್ಷ ಆಯಿತು. ಅವರು ಮೊದಲು ವಕೀಲರು. ಆಮೇಲೆ ರಾಜಕೀಯಕ್ಕೆ ಇಳಿದರು. ಎರಡು ಸಲ ಗೆದ್ದು ಶಾಸಕರಾದರು. ಮೂರು ಸಲ ಸೋತರು. ಸೋತು ಸೋತು ಸಾಕಾದ ಮೇಲೆ ಸರ್ಕಾರ ಅವರನ್ನು ಜಡ್ಜ್ ಮಾಡಿತು. ಕೊಲೆ, ದರೋಡೆಯ ಕೋರ್ಟು ಅಲ್ಲ. ಮಿಕ್ಸಿ ಹಾಳಾದರೆ, ಟೈಲರ್ ರವಕೆ ಕೆಡಿಸಿದರೆ ಜನ ದೂರು ಕೊಡುತ್ತಾರಲ್ಲ, ಆ ಕೋರ್ಟು.

ನಾನು ಓದಿದ್ದು ಐದನೇ ಕ್ಲಾಸು. ಮಾತು ಕಮ್ಮಿ. ನಮ್ಮ ಮನೆಯಲ್ಲಿ ಮಾತಾಡುವ ಕೆಲಸ ಹೆಂಡತಿಯದು. ಧನಿಗಳ ಮನೆಯ ಅಡುಗೆಯೂ ಅವಳದೇ. ಉದ್ಯಾವರದಲ್ಲಿ ಅವರ ಮನೆಯ ಹಿಂದೆಯೇ ನಮ್ಮ ಮನೆ. ಹೋದ ವರ್ಷ ಅವಳು ತೀರಿಹೋದಳು. ಈ ಕಥೆಗಳನ್ನೆಲ್ಲ ಬಂದವರಿಗೆ ಹೇಳುತ್ತಿದ್ದದ್ದು ಅವಳು. ಈಗ ಹೇಳುವವರು ಇಲ್ಲ. ಹಾಗಾಗಿ ಬರೆದಿಡುತ್ತೇನೆ. ನಾವು ಆಡಿದ್ದು ತುಳುವಿನಲ್ಲಿ. ಬರೆಯಲಿಕ್ಕೆ ಬರುವುದು ಕನ್ನಡ ಮಾತ್ರ.

ಒಂದು ವಿಷಯ ಮೊದಲೇ ಹೇಳಬೇಕು. ನನ್ನ ಮೇಲೆ ಒಂದು ಕೇಸು ಇತ್ತು. ಹಾಕಿದ್ದು ನನ್ನ ಹೆಂಡತಿ. ಜಡ್ಜ್ ನಮ್ಮ ಧನಿಗಳೇ. ಹನ್ನೊಂದು ವರ್ಷ ನಡೆಯಿತು. ತೀರ್ಪು ಬರುವ ಮೊದಲು ಅವಳು ಹೋದಳು. ತಪ್ಪು ನನ್ನದೋ ಅಲ್ಲವೋ, ಯಾರಾದರೂ ಒಂದು ಮಾತು ಹೇಳಿಬಿಟ್ಟರೆ ಸಾಕು ಅಂತ ನನಗೆ ಆಗಿತ್ತು. ಅದು ಕೊನೆಗೆ ಬರುತ್ತದೆ. ಅದಕ್ಕೆ ಮೊದಲಿನದ್ದು ಗೊತ್ತಿರಬೇಕು.

ನಿಟ್ಟೆಯ ಭಾಷಣ

ಮೊದಲ ಎಲೆಕ್ಷನ್. ಆಗ ಜೀಪು. ಎದುರಿನಿಂದ ಮೈಕು ಕೂಗುತ್ತದೆ, ಹಿಂದಿನಿಂದ ಜನ ಕೂಗುತ್ತಾರೆ. ಧನಿಗಳು ‘ಹೋಗುವ’ ಅಂದರೆ ನನಗೆ ಕೇಳುವುದಿಲ್ಲ. ನಾನು ತಿರುಗಿ ನೋಡಿದರೆ ಯಾರಾದರೂ ಒಬ್ಬರು ಅರ್ಜಿ ಹಿಡಿದು ಕಿಟಕಿಗೆ ಬರುತ್ತಾರೆ. ಅವರ ಹಿಂದೆ ಇನ್ನೊಬ್ಬರು. ಅರ್ಧ ಗಂಟೆ ಹೋಯಿತು.

ಅದಕ್ಕೆ ಧನಿಗಳು ಒಂದು ರೂಲು ಮಾಡಿದರು. ‘ಬಾಗಿಲು ಹಾಕಿದ ಶಬ್ದ ಬಂತಾ? ಆಮೇಲೆ ಜೀಪಿನ ಮಾಡಿನ ಮೇಲೆ, ಟಾಪಿಗೆ, ಎರಡು ಪೆಟ್ಟು ಬಿತ್ತಾ? ಹೊರಡು. ಹಿಂದೆ ಮಾತ್ರ ನೋಡಬೇಡ.’

ಕಾರ್ಯಕರ್ತರಿಗೆಲ್ಲ ಅದು ಅಭ್ಯಾಸವಾಯಿತು. ಬಾಗಿಲು ಹಾಕುವುದು, ಎರಡು ತಟ್ಟುವುದು. ನಾನು ಹೊರಡುವುದು.

ಕಾರ್ಕಳದಲ್ಲಿ ಸಭೆ ಮುಗಿಯಿತು. ಬಾಗಿಲು ಬಿತ್ತು. ಎರಡು ಪೆಟ್ಟು ಬಿತ್ತು. ನಾನು ಹೊರಟೆ. ಮುಂದಿನ ಸಭೆ ನಿಟ್ಟೆಯಲ್ಲಿ. ಅಲ್ಲಿ ಜನ ಹಾರ ಹಿಡಿದು ಕಾಯುತ್ತಿದ್ದರು. ಜೀಪು ನಿಂತ ಕೂಡಲೇ ಬಾಗಿಲು ತೆಗೆದು, ಇಳಿದವರಿಗೆ ಹಾರ ಹಾಕಿ, ಎತ್ತಿಕೊಂಡೇ ಹೋಗಿ ವೇದಿಕೆಯಲ್ಲಿ ನಿಲ್ಲಿಸಿದರು. ನಾನು ಬೀಡಿ ಹಚ್ಚಿ ವೇದಿಕೆ ನೋಡುತ್ತೇನೆ, ಅಲ್ಲಿ ನಿಂತವನು ಬೇರೆ ಯಾರೋ. ಕೈಯಲ್ಲಿ ಒಂದು ಸ್ಪ್ಯಾನರ್ ಚೀಲ.

ಅವನು ಪಂಪು ರಿಪೇರಿಯವನು. ನಿಟ್ಟೆಗೆ ಹೋಗುವ ಜೀಪು ಅಂತ ಕೇಳಿ ಹತ್ತಿ ಕೂತಿದ್ದ. ಪೋಸ್ಟರಿನಲ್ಲಿ ಧನಿಗಳ ಮುಖ ಯಾರ ಮುಖದ ಹಾಗೂ ಇರಲಿಲ್ಲ. ಹಾಗಾಗಿ ಜನರಿಗೆ ಸಂಶಯ ಬರಲಿಲ್ಲ. ಅವನ ಎದುರು ಮೈಕು ಇಟ್ಟರು. ಅವನು ಸುತ್ತ ನೋಡಿದ. ಬೇರೆ ದಾರಿ ಇಲ್ಲ ಅಂತ ಗೊತ್ತಾದ ಮೇಲೆ ಮಾತಾಡಿದ. ಪಂಪಿನ ವಾಲ್ವು ಯಾಕೆ ಕೆಡುತ್ತದೆ, ಬೇಸಗೆಯಲ್ಲಿ ಬಾವಿಗೆ ಪೈಪು ಎಷ್ಟು ಇಳಿಸಬೇಕು, ಮೋಟಾರು ಸುಟ್ಟರೆ ಮೊದಲು ಎಂತ ನೋಡಬೇಕು. ಇಪ್ಪತ್ತು ನಿಮಿಷ. ಜನ ಅಲುಗಾಡಲಿಲ್ಲ. ಮುಗಿಸುವಾಗ ಚಪ್ಪಾಳೆ ನಿಲ್ಲಲೇ ಇಲ್ಲ.

ಧನಿಗಳು ಕಾರ್ಕಳದಿಂದ ಬಸ್ಸಿನಲ್ಲಿ ಬಂದು ಕೊನೆಯ ಸಾಲಿನಲ್ಲಿ ನಿಂತು ಕೇಳುತ್ತಿದ್ದರು. ನಾನು ಹತ್ತಿರ ಹೋಗಿ ತಲೆ ತಗ್ಗಿಸಿದೆ.

‘ಬೈಯಬೇಡಿ ಧನೀ.’

‘ಸುಮ್ಮನಿರು ಮಾರಾಯ, ಮೋಟಾರಿನದ್ದು ಮುಗಿಯಲಿ’ ಅಂದರು.

ಆ ಸಲ ನಾವು ಗೆದ್ದೆವು. ನಿಟ್ಟೆಯಲ್ಲಿ ಬಿದ್ದಷ್ಟು ಓಟು ಬೇರೆಲ್ಲೂ ಬೀಳಲಿಲ್ಲ.

ಕೋರ್ಟಿನ ಮೊದಲ ದಿನ

ಧನಿಗಳು ಜಡ್ಜ್ ಆದರು. ಜೀಪು ಹೋಗಿ ಬಿಳಿ ಕಾರು ಬಂತು. ರೂಲು ಅದೇ. ಒಂದು ಹೊಸ ರೂಲು ಸೇರಿತು. ಧನಿಗಳಿಗೆ ಕಾರಿನಲ್ಲಿ ನಿದ್ದೆ ಬರುತ್ತದೆ, ಬಾಯಿ ತೆರೆಯುತ್ತದೆ. ಜಡ್ಜ್ ಬಾಯಿ ಬಿಟ್ಟು ಮಲಗಿದ್ದನ್ನು ಯಾರೂ ನೋಡಬಾರದು ಅಂತ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಟ್ಟರು. ಅಂದಿನಿಂದ ಕನ್ನಡಿಯಲ್ಲಿ ನನಗೆ ಕಾರಿನ ಮಾಡು ಮಾತ್ರ ಕಾಣುತ್ತಿದ್ದದ್ದು.

ಮೊದಲ ದಿನ ಧನಿಗಳು ಕರಿ ಕೋಟು ಹಾಕಿ ಕೋರ್ಟಿನ ಒಳಗೆ ಹೋದರು. ಜಡ್ಜ್ ಬಂದರೆ ಎಲ್ಲರೂ ಎದ್ದು ನಿಲ್ಲಬೇಕಲ್ಲ, ನಿಂತರು. ಅಷ್ಟು ಜನ ಒಟ್ಟಿಗೆ ಎದ್ದು ನಿಂತು ಕೈಮುಗಿದದ್ದನ್ನು ನೋಡಿ ಧನಿಗಳಿಗೆ ಹಳೆಯದೆಲ್ಲ ಬಂತು. ಅವರೂ ಕೈಮುಗಿದು ಕೆಳಗೆ ಇಳಿದರು. ಮೊದಲ ಸಾಲಿನಿಂದ ಶುರು.

‘ಹೇಗಿದ್ದೀರಿ? ಮನೆಯಲ್ಲಿ ಎಲ್ಲ ಹುಷಾರಾ? ಅಮ್ಮನ ಕಾಲುನೋವು ಕಮ್ಮಿ ಉಂಟಾ?’

ದೂರು ಕೊಟ್ಟವರಿಗೂ ಕೈಮುಗಿದರು. ದೂರು ಹಾಕಿಸಿಕೊಂಡವರಿಗೂ ಮುಗಿದರು. ವಕೀಲರ ಬೆನ್ನು ತಟ್ಟಿದರು. ಹಾಗೆಯೇ ಸಾಲು ಸಾಲು ದಾಟಿ ಹಿಂದಿನ ಬಾಗಿಲಿಗೆ ಬಂದರು. ಬಾಗಿಲು ತೆರೆದಿತ್ತು. ಹೊರಗೆ ಕಾರು ಇತ್ತು. ಕೂತರು. ಬಾಗಿಲು ಬಿತ್ತು. ಯಾರೋ ಎರಡು ತಟ್ಟಿದರು.

ನಾನು ಹೊರಟೆ. ಕೋರ್ಟು ಇಷ್ಟು ಬೇಗ ಮುಗಿಯುತ್ತದಾ ಅಂತ ಆಯಿತು. ಆದರೆ ಕೇಳಲಿಲ್ಲ.

ಮನೆಗೆ ಬಂದರು, ಕೈಕಾಲು ತೊಳೆದರು, ಊಟಕ್ಕೆ ಕೂತರು. ನನ್ನ ಹೆಂಡತಿ ಗಂಜಿಯ ಜೊತೆ ಚಟ್ನಿ ಬಡಿಸಿ, ‘ಧನೀ, ಎಷ್ಟು ಕೇಸು ತೀರ್ಮಾನ ಮಾಡಿದಿರಿ?’ ಅಂತ ಕೇಳಿದಳು.

ಧನಿಗಳು ತುತ್ತು ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

‘ಗಾಡಿ ತೆಗಿ. ನಾನು ಕೂತುಕೊಳ್ಳಲಿಕ್ಕೆ ಮರೆತೆ. ಅವರೆಲ್ಲ ಇನ್ನೂ ನಿಂತೇ ಇರಬೇಕು.’

ನಿಂತೇ ಇದ್ದರು.

ತಜ್ಞರ ವರದಿ

ರಾಜಕೀಯದಲ್ಲಿ ಧನಿಗಳು ಯಾರಿಗೂ ಇಲ್ಲ ಅಂದವರಲ್ಲ. ‘ನಿಮ್ಮ ಕೆಲಸ ಆಯ್ತು ಅಂತ ತಿಳ್ಕೊಳ್ಳಿ.’ ಎಲ್ಲರಿಗೂ ಅದೇ ಮಾತು. ಕೋರ್ಟಿನಲ್ಲೂ ಅದೇ ಬಾಯಿಗೆ ಬರುತ್ತಿತ್ತು.

ಕಾಪುವಿನ ಒಬ್ಬ ಟೀಚರಮ್ಮ. ಅವರ ಮಿಕ್ಸಿ ಹೊತ್ತಿಹೋಯಿತು. ಉಡುಪಿಯ ಅಂಗಡಿಯವರ ಮೇಲೆ ದೂರು ಹಾಕಿದರು. ಅವರ ಮಾತು ಕೇಳಿ ಧನಿಗಳು, ‘ಅಮ್ಮಾ, ನಿಮ್ಮ ಕೆಲಸ ಆಯ್ತು ಅಂತ ತಿಳ್ಕೊಳ್ಳಿ’ ಅಂದರು. ಅಂಗಡಿಯವರ ಮಾತು ಕೇಳಿ ಅವರಿಗೂ ಹಾಗೆಯೇ ಅಂದರು. ಇಬ್ಬರೂ ಗೆದ್ದೆವು ಅಂತ ನಗುತ್ತಾ ಮನೆಗೆ ಹೋದರು. ಗುಮಾಸ್ತ ಮಾತ್ರ ಪೆನ್ನು ಹಿಡಿದು ಕೂತಿದ್ದ.

‘ಸರ್, ಎಂತ ಬರೆಯುವುದು?’

‘ಮಿಕ್ಸಿ ತರಿಸು’ ಅಂದರು ಧನಿಗಳು.

ಮಿಕ್ಸಿ ಮನೆಗೆ ಬಂತು. ನನ್ನ ಹೆಂಡತಿ ಅದನ್ನು ಮೂರು ಸುತ್ತು ಸುತ್ತಿ ನೋಡಿದಳು. ಮೂಸಿ ನೋಡಿದಳು. ಜಾರ್ ತೆಗೆದು ಬೆಳಕಿಗೆ ಹಿಡಿದಳು. ಆಮೇಲೆ ಹೇಳಿದಳು.

‘ಧನೀ, ಇವರು ಇದರಲ್ಲಿ ಕುಚ್ಚಲಕ್ಕಿ ನೆನೆಹಾಕದೆ ಕಡೆದಿದ್ದಾರೆ. ಒಂದು ಕಾಳು ಬ್ಲೇಡಿನ ಅಡಿಯಲ್ಲಿ ಉಂಟು. ಆದರೆ ಅಂಗಡಿಯವರದ್ದೂ ತಪ್ಪು ಉಂಟು. ಜಾರ್ ಈ ಮಿಕ್ಸಿಯದ್ದಲ್ಲ.’

ಧನಿಗಳು ಅದನ್ನೇ ಬರೆಸಿದರು. ಇಬ್ಬರದ್ದೂ ಅರ್ಧರ್ಧ ತಪ್ಪು. ಅಂಗಡಿಯ ವಕೀಲರು ಎದ್ದು ನಿಂತರು. ‘ಸ್ವಾಮಿ, ಪರೀಕ್ಷೆ ಮಾಡಿದ ತಜ್ಞರು ಯಾರು? ಅವರ ಓದು ಎಂತ?’

‘ನಮ್ಮ ಡ್ರೈವರನ ಹೆಂಡತಿ’ ಅಂದರು ಧನಿಗಳು. ‘ಮೂರನೇ ಕ್ಲಾಸು. ನಿಮಗೆ ಸಂಶಯ ಉಂಟಾದರೆ ಮನೆಗೆ ಬಂದು ಅವಳ ಹತ್ತಿರ ಕೇಳಿ.’

ವಕೀಲರು ಕೇಳಲಿಕ್ಕೆ ಬರಲಿಲ್ಲ. ಆದರೆ ಆ ದಿನದಿಂದ ನನಗೆ ಕಷ್ಟ ಶುರುವಾಯಿತು. ಸಾರಿಗೆ ಉಪ್ಪು ಕಮ್ಮಿ ಅಂದರೆ, ‘ತಜ್ಞರು ನೋಡಿ ಆಗಿದೆ’ ಅನ್ನುತ್ತಿದ್ದಳು. ಊಟ ಮುಗಿಯುವವರೆಗೆ ನನಗೆ ಮಾತಿಲ್ಲ.

ಮಣಿಪಾಲದಲ್ಲಿ ಒಂದು ನಿಮಿಷ ಮೌನ

ತುಂಬ ವರ್ಷ ಬದುಕಿದರೆ ಒಂದು ಕೆಲಸ ತಾನಾಗಿ ಬರುತ್ತದೆ. ತೀರಿಹೋದವರ ಬಗ್ಗೆ ಮಾತಾಡುವುದು. ಧನಿಗಳ ಜೊತೆ ವಕೀಲಿಕೆ ಮಾಡಿದವರು, ಗೆದ್ದವರು, ಅವರನ್ನು ಸೋಲಿಸಿದವರು, ಎಲ್ಲರೂ ಒಬ್ಬೊಬ್ಬರಾಗಿ ಹೋದರು. ಪ್ರತಿ ನುಡಿನಮನಕ್ಕೂ ಧನಿಗಳೇ ಬೇಕು. ವಾರಕ್ಕೆ ಎರಡು ಇರುತ್ತಿತ್ತು. ಅವರಿಗೆ ಅದು ಬಾಯಿಪಾಠ.

ಮಣಿಪಾಲದಲ್ಲಿ ಒಂದು ಕಟ್ಟಡ. ಕೆಳಗೊಂದು ಹಾಲ್, ಮೇಲೊಂದು ಹಾಲ್. ನುಡಿನಮನ ಇದ್ದದ್ದು ಮೇಲೆ. ಲಿಫ್ಟು ಹಾಳಾಗಿತ್ತು. ಧನಿಗಳು ಮೆಟ್ಟಿಲು ನೋಡಿದರು. ಕೆಳಗಿನ ಹಾಲ್‌ನ ಬಾಗಿಲು ನೋಡಿದರು. ಬಾಗಿಲಲ್ಲಿ ಹೂವಿನ ಅಲಂಕಾರ ಇತ್ತು, ಒಳಗೆ ಜನ ಇದ್ದರು. ಹೋದರು.

ಅದು ಒಬ್ಬ ಮೇಷ್ಟ್ರ ಎಂಬತ್ತನೇ ಹುಟ್ಟುಹಬ್ಬ.

ಧನಿಗಳನ್ನು ಕಂಡು ಅವರ ಮಕ್ಕಳಿಗೆ ಸಂತೋಷ. ಕರೆಯದೆಯೇ ಜಡ್ಜ್ ಬಂದಿದ್ದಾರೆ ಅಂತ ಕೂಡಲೇ ಮೈಕು ಕೊಟ್ಟರು. ಗೋಡೆಯಲ್ಲಿ ಮೇಷ್ಟ್ರ ದೊಡ್ಡ ಫೋಟೋ, ಅದಕ್ಕೆ ಹಾರ. ಧನಿಗಳು ಫೋಟೋ ಕಡೆ ಕೈಮುಗಿದು ಶುರು ಮಾಡಿದರು.

‘ಇವರ ಹಾಗಿನವರು ನಮಗೆ ಇನ್ನು ಸಿಗಲಿಕ್ಕಿಲ್ಲ. ಇವರು ಹೇಳಿಕೊಟ್ಟ ಪಾಠ ಉಂಟು, ನಡೆದು ತೋರಿಸಿದ ದಾರಿ ಉಂಟು. ಆ ನಗು ಮಾತ್ರ ಇನ್ನು ನೆನಪು.’

ನಾನು ಬಾಗಿಲಲ್ಲಿ ನಿಂತು ಕೈ ಬೀಸಿದೆ. ಅವರು ನನಗೂ ಕೈ ಬೀಸಿ ಮುಂದುವರಿಸಿದರು.

ಮೇಷ್ಟ್ರು ಮೊದಲ ಸಾಲಿನಲ್ಲೇ ಕೂತಿದ್ದರು. ಕಣ್ಣಲ್ಲಿ ನೀರು. ಪಕ್ಕದವರ ಹತ್ತಿರ ಹೇಳುತ್ತಿದ್ದರು, ‘ನನ್ನ ಬಗ್ಗೆ ಇಷ್ಟು ಒಳ್ಳೆ ಮಾತು ನಮ್ಮ ಮನೆಯವರೂ ಆಡಿದ್ದಿಲ್ಲ.’

ಕೊನೆಗೆ ಧನಿಗಳು, ‘ಈಗ ಎಲ್ಲರೂ ಎದ್ದು ನಿಂತು ಅವರಿಗಾಗಿ ಒಂದು ನಿಮಿಷ ಮೌನ’ ಅಂದರು. ಜಡ್ಜ್ ಹೇಳಿದ ಮೇಲೆ ಕೇಳದೆ ಇರಲಿಕ್ಕೆ ಆಗುತ್ತದಾ? ಎಲ್ಲರೂ ನಿಂತರು. ಮೇಷ್ಟ್ರೂ ಕೋಲು ಹಿಡಿದು ಎದ್ದು, ತಲೆ ತಗ್ಗಿಸಿ, ಒಂದು ನಿಮಿಷ ಪೂರ್ತಿ ನಿಂತರು.

ಈ ಕಥೆಯನ್ನು ನನ್ನ ಹೆಂಡತಿ ಎಷ್ಟು ಸಲ ಹೇಳಿದ್ದಾಳೋ. ಅವಳು ನಿಂತು ಮೇಷ್ಟ್ರ ಹಾಗೆ ತಲೆ ತಗ್ಗಿಸಿ ತೋರಿಸುತ್ತಿದ್ದಳು. ನನಗೆ ಹಾಗೆ ತೋರಿಸಲಿಕ್ಕೆ ಬರುವುದಿಲ್ಲ.

ಅವಳ ಬೊಜ್ಜಕ್ಕೂ, ಉತ್ತರಕ್ರಿಯೆಗೂ, ಧನಿಗಳು ಬಂದಿದ್ದರು. ಹದಿಮೂರನೇ ದಿನದ ಊಟಕ್ಕೆ ಮೊದಲು ಎರಡು ಮಾತಾಡಿ ಅಂತ ಯಾರೋ ಹೇಳಿದರು. ಎದ್ದು ನಿಂತರು. ಕೈಮುಗಿದರು. ಬಾಯಿಪಾಠ ಇದ್ದದ್ದು ಒಂದೂ ಬರಲಿಲ್ಲ. ಕೊನೆಗೆ, ‘ಅವಳ ಒಂದು ಕೇಸು ನನ್ನ ಹತ್ತಿರ ಬಾಕಿ ಉಂಟು’ ಅಂತ ಹೇಳಿ ಕೂತರು.

ಉಚ್ಚಿಲದ ಕೇಸು

ಈಗ ಆ ಕೇಸು.

ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ. ಹೆಂಡತಿಯ ಅಕ್ಕನ ಮನೆ ಉಚ್ಚಿಲದಲ್ಲಿ. ಧನಿಗಳು, ‘ನನಗೆ ಇವತ್ತು ಗಾಡಿ ಬೇಡ, ಅವಳನ್ನು ಕರೆದುಕೊಂಡು ಹೋಗು’ ಅಂದರು. ಹೋದೆವು. ಊಟಕ್ಕೆ ಕೂತಾಗ ನಾನು ಅಕ್ಕನ ಮೀನುಸಾರು ಒಳ್ಳೆಯದಾಗಿದೆ ಅಂದೆ. ನಾನು ಮಾತಾಡುವುದೇ ಕಮ್ಮಿ. ಆ ದಿನ ಮಾತಾಡಿದ್ದು ಅದೊಂದೇ. ಹೆಂಡತಿಯ ಮುಖ ಬಿಗಿಯಿತು.

ಕಾರನ್ನು ಪೇಟೆಯಲ್ಲಿ ರಸ್ತೆ ಬದಿಗೆ ನಿಲ್ಲಿಸಿದ್ದೆ. ಹೊರಡುವಾಗ ನಾನು ಹೋಗಿ ನನ್ನ ಸೀಟಿನಲ್ಲಿ ಕೂತೆ. ಅವಳು ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಹಾಕಿದಳು. ಹಾಕಿ, ಮಲ್ಲಿಗೆ ತರಲಿಕ್ಕೆ ಎದುರಿನ ಅಂಗಡಿಗೆ ಹೋದಳು. ನನಗೆ ಹೇಳಿ ಹೋದೆ ಅಂತ ಅವಳ ವಾದ. ನನಗೆ ಕೇಳಲಿಲ್ಲ. ನನಗೆ ಕೇಳಿದ್ದು ಬಾಗಿಲಿನ ಶಬ್ದ.

ಅಲ್ಲಿ ಒಂದು ಬೀಡಾ ಅಂಗಡಿ. ಅಂಗಡಿಯವನು ಧನಿಗಳ ಹಳೆ ಕಾರ್ಯಕರ್ತ. ಧನಿಗಳ ಕಾರು ನೋಡಿದ. ಪ್ರೀತಿಯಿಂದ ಹತ್ತಿರ ಬಂದ. ಮಾಡಿನ ಮೇಲೆ ಎರಡು ತಟ್ಟಿದ.

ನಾನು ಹೊರಟೆ.

ಹಿಂದಿನಿಂದ ಮಾತಿಲ್ಲ. ಮೀನುಸಾರಿನ ಸಿಟ್ಟು ಇಳಿದಿಲ್ಲ ಅಂದುಕೊಂಡು ನಾನೂ ಸುಮ್ಮನಿದ್ದೆ. ಸ್ವಲ್ಪ ದೂರ ಹೋದ ಮೇಲೆ ಚೀಲದಲ್ಲಿ ಅವಳ ಮೊಬೈಲು ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಫೋನು ಸಹ ಎತ್ತುವುದಿಲ್ಲ, ಅಷ್ಟು ಸಿಟ್ಟು ಅಂತ ತಿಳಿದೆ. ಫೋನು ಮಾಡುತ್ತಿದ್ದದ್ದು ಅವಳೇ, ಹೂವಿನ ಅಂಗಡಿಯಿಂದ. ನನ್ನ ಹತ್ತಿರ ಆಗ ಮೊಬೈಲು ಇರಲಿಲ್ಲ.

ಕಾಪುವಿನಲ್ಲಿ ನಿಲ್ಲಿಸಿದೆ. ಸಮಾಧಾನ ಮಾಡುವ ಅಂತ ಅವಳಿಗೆ ಇಷ್ಟದ ಗೋಳಿಬಜೆ ತೆಗೆದುಕೊಳ್ಳಲಿಕ್ಕೆ ಹೋದೆ. ಬಿಸಿ ಎಣ್ಣೆಯಿಂದ ಇಳಿಯಲಿಕ್ಕೆ ಸಮಯ ಹಿಡಿಯಿತು. ಪರಿಚಯದವರು ಸಿಕ್ಕಿದರು. ಅರ್ಧ ಗಂಟೆ ಆಯಿತು. ಬಂದು ನನ್ನ ಸೀಟಿನಲ್ಲಿ ಕೂತು, ಪೊಟ್ಟಣ ಹಿಡಿದ ಕೈಯನ್ನು ಹಿಂದಕ್ಕೆ ಚಾಚಿದೆ.

‘ತೆಗೆದುಕೋ’ ಅಂದೆ.

ತೆಗೆದುಕೊಳ್ಳಲಿಲ್ಲ. ಕೈ ನೋಯುವವರೆಗೆ ಹಿಡಿದೆ. ಆಮೇಲೆ ಮುಂದಿನ ಸೀಟಿನಲ್ಲಿಟ್ಟು ಹೊರಟೆ.

ಮನೆ ಬಂತು. ಇಳಿದು, ಹಿಂದಿನ ಬಾಗಿಲು ತೆರೆದು ಹಿಡಿದು ನಿಂತೆ. ಧನಿಗಳಿಗೆ ತೆರೆದ ಹಾಗೆ. ಅವಳಿಗೆ ನಾನು ಯಾವತ್ತೂ ತೆರೆದವನಲ್ಲ.

‘ಯಾರಿಗೆ ಬಾಗಿಲು ತೆಗೆಯುವುದು?’ ಅಂತ ನನ್ನ ಬೆನ್ನ ಹಿಂದಿನಿಂದ ಕೇಳಿತು.

ಅವಳು ಗೇಟಿನ ಹತ್ತಿರ ನಿಂತಿದ್ದಳು. ತಲೆಯಲ್ಲಿ ಮಲ್ಲಿಗೆ. ಉಚ್ಚಿಲದಲ್ಲಿ ಇಪ್ಪತ್ತು ನಿಮಿಷ ನಿಂತು, ನಾನು ಬರದೆ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬಂದಿದ್ದಳು. ಬಸ್ಸು ಕಾಪು ದಾಟುವಾಗ ನಾನು ಬಾಣಲೆಯ ಎದುರು ನಗುತ್ತಾ ನಿಂತದ್ದನ್ನು ಕಿಟಕಿಯಿಂದ ನೋಡಿದ್ದಳು.

ಆ ದಿನವೇ ಧನಿಗಳ ಚಾವಡಿಗೆ ಹೋಗಿ ದೂರು ಕೊಟ್ಟಳು. ಧನಿಗಳು ರಿಟೈರ್ ಆಗಿ ವರ್ಷಗಳಾಗಿದ್ದವು. ಆದರೆ ಊರಿನವರ ಸಣ್ಣಪುಟ್ಟ ಜಗಳಗಳನ್ನು ಚಾವಡಿಯಲ್ಲೇ ಕೇಳುತ್ತಿದ್ದರು. ಕೋರ್ಟಿನ ಹಾಗೆಯೇ ಎಲ್ಲ. ಹೆಸರು ಕೂಗುವವನು ನಾನು. ಅವಳ ಹೆಸರು ಮಾತ್ರ ಕೂಗಬೇಕಾಗಿರಲಿಲ್ಲ, ಅವಳು ಎದುರೇ ಇರುತ್ತಿದ್ದಳು.

‘ಧನೀ, ಬಿಟ್ಟು ಬಂದದ್ದಕ್ಕೆ ನನಗೆ ಬೇಸರ ಇಲ್ಲ. ದಾರಿಯಲ್ಲಿ ಹೋಗುವವರೆಲ್ಲ, ಎಂತ ಅಕ್ಕ, ಒಬ್ಬರೇ ನಿಂತಿದ್ದೀರಿ ಅಂತ ಕೇಳಿದರು. ನಾನು ಎಲ್ಲರಿಗೂ, ಇವರು ಈಗ ಬರ್ತಾರೆ, ಈಗ ಬರ್ತಾರೆ ಅಂತ ಹೇಳಿದೆ. ಅಷ್ಟು ಸಲ ಹೇಳಿದ ಮೇಲೂ ಇವರು ಬರಲಿಲ್ಲ.’

‘ನೀನು ಎಂತ ಹೇಳುತ್ತಿ?’ ಅಂತ ಧನಿಗಳು ನನ್ನನ್ನು ಕೇಳಿದರು.

‘ಎರಡು ಪೆಟ್ಟು ಬಿತ್ತು ಧನೀ. ಹಿಂದೆ ನೋಡಬೇಡ ಅಂದದ್ದು ನೀವು.’

ಧನಿಗಳು ಗಲ್ಲ ತುರಿಸಿಕೊಂಡರು. ಅವಳಿಗೆ, ‘ನಿನ್ನ ಕೆಲಸ ಆಯ್ತು ಅಂತ ತಿಳ್ಕೋ’ ಅಂದರು. ನನ್ನನ್ನು ಹೊರಗೆ ಕರೆದು ನನಗೂ ಹಾಗೆಯೇ ಅಂದರು. ಮುಂದಿನ ತಾರೀಕು ಕೊಟ್ಟರು.

ಹೀಗೆ ಹನ್ನೊಂದು ವರ್ಷ. ಒಂದು ಸಲ ಬೀಡಾ ಅಂಗಡಿಯವನನ್ನು ಸಾಕ್ಷಿಗೆ ಕರೆಸಿದರು. ‘ತಟ್ಟಿದ್ದು ನಾನೇ. ಆ ಕಾರು ಕಂಡರೆ ನನ್ನ ಕೈ ಕೇಳುವುದಿಲ್ಲ’ ಅಂದ. ಇನ್ನೊಂದು ಸಲ ಕಾರನ್ನೇ ಹಾಜರು ಮಾಡಲಿಕ್ಕೆ ಹೇಳಿದರು. ಅಂಗಳದಲ್ಲಿ ನಿಲ್ಲಿಸಿದೆ. ಸುತ್ತು ಬಂದು ನೋಡಿ, ‘ಇದು ಎಂತದ್ದೂ ಹೇಳುವುದಿಲ್ಲ’ ಅಂತ ಮತ್ತೆ ತಾರೀಕು ಕೊಟ್ಟರು. ಮನೆಯಲ್ಲಿ ನಾನು ಸ್ವಲ್ಪ ಏರುದನಿ ಮಾಡಿದರೆ ಅವಳು, ‘ತೀರ್ಪು ಬರಲಿ, ಆಮೇಲೆ ನೋಡುವ’ ಅನ್ನುತ್ತಿದ್ದಳು. ನಾನೂ ಹಾಗೆಯೇ ಅನ್ನುತ್ತಿದ್ದೆ. ತೀರ್ಪು ಒಂದು ದಿನ ಬರುತ್ತದೆ ಅಂತ ಇಬ್ಬರಿಗೂ ಇತ್ತು.

ಹೋದ ವರ್ಷ ಒಂದು ಬೆಳಿಗ್ಗೆ ಎದೆನೋವು ಅಂದಳು. ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಆ ದಿನ ದಾರಿಯಲ್ಲಿ ಮೂರು ಸಲ ತಿರುಗಿ ನೋಡಿದೆ. ಕೂತಿದ್ದಳು.

‘ಮುಂದೆ ನೋಡಿ ಓಡಿಸಿ’ ಅಂದಳು.

ಅಷ್ಟೇ.

ಅವಳ ವರ್ಷಾಂತಿಕದ ತಿಥಿ ಮುಗಿದ ಮೇಲೆ ನಾನು ಧನಿಗಳ ಎದುರು ಹೋಗಿ ನಿಂತೆ.

‘ಧನೀ, ನಿಮಗೆ ತೊಂಬತ್ತಮೂರು. ನನ್ನ ಕೇಸು ಮುಗಿಸಿಕೊಡಿ.’

ಅವರು ಚಾವಡಿಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. ‘ದೂರು ಕೊಟ್ಟವರ ಹೆಸರು ಮೂರು ಸಲ ಕೂಗು’ ಅಂದರು. ಕೋರ್ಟಿನ ಕ್ರಮ ಅದು.

ನಾನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. ‘ಕೇಳಿತಾ’ ಅಂತ ಕರೆಯುತ್ತಿದ್ದದ್ದು. ಒಂದು ಸಲ ಕೂಗಿದೆ. ಎರಡನೇ ಸಲ ಕೂಗಿದೆ. ಮೂರನೇ ಸಲಕ್ಕೆ ಸ್ವರ ಬರಲಿಲ್ಲ. ಧನಿಗಳು ಕಾದರು. ಆಮೇಲೆ ಮೆಲ್ಲ ಹೇಳಿದರು.

‘ದೂರುದಾರರು ಹಾಜರಿಲ್ಲ. ಕೇಸು ವಜಾ. ನೀನು ಗೆದ್ದೆ.’

‘ಬೇಡ’ ಅಂದೆ.

‘ಎಂತ ಬೇಡ?’

‘ಗೆಲ್ಲುವುದು ಬೇಡ. ನಾನು ಗೆದ್ದರೆ ಅವಳು ಸುಮ್ಮನೆ ದೂರು ಕೊಟ್ಟ ಹಾಗೆ ಆಗುತ್ತದೆ. ಅವಳು ಅಲ್ಲಿ ನಿಂತದ್ದು ಸುಳ್ಳಲ್ಲ.’

ಧನಿಗಳು ಎದ್ದು ನಿಂತರು. ಆಮೇಲೆ ಕೋಲು ತೆಗೆದುಕೊಂಡರು.

‘ಗಾಡಿ ತೆಗಿ. ಸ್ಥಳ ಪರಿಶೀಲನೆ ಬಾಕಿ ಉಂಟು.’

ಉಚ್ಚಿಲಕ್ಕೆ ಹೋದೆವು. ಅವಳು ನಿಂತ ಜಾಗ ತೋರಿಸಿದೆ. ಧನಿಗಳು ಇಳಿದು ಅಲ್ಲೇ ನಿಂತರು. ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿದರು. ‘ಅವಳು ಎಷ್ಟು ನಿಂತಳೋ ಅಷ್ಟು ನಿಲ್ಲಬೇಕು. ಇಪ್ಪತ್ತು ನಿಮಿಷ.’ ಬಿಸಿಲು. ಎದುರು ಹೈವೇ. ನಾವಿಬ್ಬರೂ ನಿಂತೆವು.

ಹಳೆ ಶಾಸಕರು, ಜಡ್ಜ್ ಆಗಿದ್ದವರು, ಈ ಪ್ರಾಯದಲ್ಲಿ ಬಿಸಿಲಿಗೆ ರಸ್ತೆ ಬದಿಯಲ್ಲಿ ನಿಂತರೆ ಜನ ಎಂತ ತಿಳಿಯುತ್ತಾರೆ? ಧರಣಿ ಅಂತ ತಿಳಿದರು. ಮೊದಲು ಇಬ್ಬರು ರಿಕ್ಷಾದವರು ಬಂದು ಪಕ್ಕದಲ್ಲಿ ನಿಂತರು. ಆಮೇಲೆ ಮೀನು ಮಾರುವ ಹೆಂಗಸರು ನಾಲ್ಕು ಜನ ಬುಟ್ಟಿ ಇಳಿಸಿ ನಿಂತರು. ‘ಯಾವುದಕ್ಕೆ ಧರಣಿ?’ ಅಂತ ಒಬ್ಬಳು ಕೇಳಿದಳು. ‘ಗೊತ್ತಿಲ್ಲ ಮಾರಾಯ್ತಿ, ಮೊದಲು ನಿಲ್ಲು’ ಅಂದಳು ಇನ್ನೊಬ್ಬಳು. ಹತ್ತು ನಿಮಿಷದಲ್ಲಿ ಮೂವತ್ತು ಜನ. ಪೊಲೀಸಿನವರು ಒಬ್ಬರು ಬೈಕಿನಲ್ಲಿ ಬಂದರು.

‘ಸರ್, ನಿಮ್ಮ ಬೇಡಿಕೆ ಎಂತ?’

ಧನಿಗಳ ತಲೆಯಲ್ಲಿ ಕೇಸು ಮಾತ್ರ ಇತ್ತು. ‘ಒಬ್ಬಳು ಹೆಂಗಸು ಇಲ್ಲಿ ಇಪ್ಪತ್ತು ನಿಮಿಷ ನಿಂತಳು’ ಅಂದರು. ‘ಕೂತುಕೊಳ್ಳಲಿಕ್ಕೆ ಒಂದು ಕಲ್ಲು ಸಹ ಇಲ್ಲ.’

ಅಷ್ಟು ಸಾಕಾಯಿತು. ‘ಬೇಕೇ ಬೇಕು, ಬಸ್ ತಂಗುದಾಣ ಬೇಕು’ ಅಂತ ಶುರುವಾಯಿತು. ಪೊಲೀಸಿನವರು ಬರೆದುಕೊಂಡರು. ಗುಂಪು ಕಂಡರೆ ಧನಿಗಳಿಗೆ ತಡೆಯುವುದಿಲ್ಲ. ಕೈಮುಗಿದು, ‘ನಿಮ್ಮ ಕೆಲಸ ಆಯ್ತು ಅಂತ ತಿಳ್ಕೊಳ್ಳಿ’ ಅಂದರು. ಚಪ್ಪಾಳೆ ಬಿತ್ತು.

ಇಪ್ಪತ್ತು ನಿಮಿಷ ಕಳೆದಿತ್ತು. ನಾನು ಹೋಗಿ ಕಾರಿನಲ್ಲಿ ಕೂತೆ. ಸ್ಟಾರ್ಟ್ ಮಾಡಿದೆ. ಹಿಂದಿನ ಬಾಗಿಲು ತೆರೆಯಿತು. ಸೀಟು ತಗ್ಗಿತು. ಬಾಗಿಲು ಬಿತ್ತು. ಮಾಡಿನ ಮೇಲೆ ಎರಡು ಪೆಟ್ಟು.

ನಾನು ಹೊರಟೆ.

ಧನಿಗಳ ಮಾತಿಲ್ಲ. ತೀರ್ಪು ಯೋಚನೆ ಮಾಡುತ್ತಿದ್ದಾರೆ ಅಂತ ನಾನೂ ಉಸಿರೆತ್ತಲಿಲ್ಲ. ಕಾಪು ದಾಟಿತು. ಕಟಪಾಡಿ ದಾಟಿತು. ಉದ್ಯಾವರದ ಮನೆಗೆ ಬಂದು, ಇಳಿದು, ಹಿಂದಿನ ಬಾಗಿಲು ತೆರೆದು ಹಿಡಿದೆ.

ಸೀಟಿನಲ್ಲಿ ಒಂದು ಗೊನೆ ಎಳನೀರು ಇತ್ತು. ಉಚ್ಚಿಲದವರು ಪ್ರೀತಿಯಿಂದ ಇಟ್ಟದ್ದು.

ಧನಿಗಳ ಫೋನು ನನ್ನ ಕಿಸೆಯಲ್ಲೇ ಇರುತ್ತದೆ. ಯಾರಿಗೆ ಫೋನು ಮಾಡುವುದು? ಗಾಡಿ ತಿರುಗಿಸಿದೆ. ಅಷ್ಟು ಜೋರಾಗಿ ನಾನು ಎಲೆಕ್ಷನ್‌ನಲ್ಲೂ ಓಡಿಸಿದ್ದಿಲ್ಲ.

ಉಚ್ಚಿಲದಲ್ಲಿ ಜನ ಚದುರಿದ್ದರು. ಧನಿಗಳು ಅದೇ ಜಾಗದಲ್ಲಿ ಇದ್ದರು. ಬೀಡಾ ಅಂಗಡಿಯವನು ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ತಾನು ಹಿಂದೆ ಕೊಡೆ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ‘ನನ್ನ ಕೈ ಕೇಳುವುದಿಲ್ಲ ಅಂತ ಆವತ್ತೇ ಹೇಳಿದ್ದೆ’ ಅಂದ.

ನಾನು ಧನಿಗಳ ಎದುರು ಹೋಗಿ ನಿಂತೆ. ಅವರು ನನ್ನನ್ನು ನೋಡಲಿಲ್ಲ. ರಸ್ತೆ ನೋಡುತ್ತಿದ್ದರು.

‘ಹದಿನೇಳು ಜನ ಕೇಳಿದರು ಮಾರಾಯ’ ಅಂದರು. ‘ಎಂತ ಸರ್, ಒಬ್ಬರೇ ಇದ್ದೀರಿ ಅಂತ. ಹದಿನೇಳು ಸಲವೂ ನಾನು, ನಮ್ಮ ಡ್ರೈವರ್ ಈಗ ಬರ್ತಾನೆ ಅಂದೆ. ಹತ್ತನೇ ಸಲಕ್ಕೆ ನನಗೇ ನಂಬಿಕೆ ಹೋಯಿತು.’

ಈಗ ನನ್ನ ಕಡೆ ತಿರುಗಿದರು.

‘ಅವಳ ಸಾಕ್ಷ್ಯ ನನಗೆ ಈಗ ಅರ್ಥವಾಯಿತು. ತೀರ್ಪು ಕೇಳು. ದೂರುದಾರಳು ಗೆದ್ದಳು. ಒಂದನೇ ತಪ್ಪು ನನ್ನದು, ಹಿಂದೆ ನೋಡಬೇಡ ಅಂತ ಹೇಳಿದ್ದು ನಾನು. ಎರಡನೇ ತಪ್ಪು ನಿನ್ನದು, ಹೇಳಿದವನು ಗಾಡಿಯಲ್ಲಿ ಇಲ್ಲದಾಗಲೂ ಕೇಳಿದೆ. ಶಿಕ್ಷೆ, ಕನ್ನಡಿ ಸರಿ ಮಾಡು.’

ಸೋತೆ. ಹನ್ನೆರಡು ವರ್ಷದಿಂದ ಎದೆಯಲ್ಲಿ ಕೂತಿದ್ದದ್ದು ಇಳಿಯಿತು. ಧನಿಗಳನ್ನು ಕೈಹಿಡಿದು ಕೂರಿಸಿದೆ. ಬಾಗಿಲು ನಾನೇ ಹಾಕಿದೆ. ಬೀಡಾ ಅಂಗಡಿಯವನ ಎರಡೂ ಕೈಗೆ ಎಳನೀರಿನ ಗೊನೆ ಕೊಟ್ಟೆ, ತಟ್ಟದ ಹಾಗೆ. ಆಮೇಲೆ ಒಳಗಿನ ಕನ್ನಡಿಯನ್ನು ಕೆಳಕ್ಕೆ ತಿರುಗಿಸಿದೆ. ಹಿಂದಿನ ಸೀಟು ಕಂಡಿತು. ಧನಿಗಳು ಒಂದು ಬದಿಯಲ್ಲಿ ಕೂತಿದ್ದರು. ಇನ್ನೊಂದು ಬದಿ ಖಾಲಿ ಇತ್ತು. ಎರಡನ್ನೂ ನೋಡಿ ಹೊರಟೆ.

ಕಾಪುವಿನಲ್ಲಿ ನಿಲ್ಲಿಸಿ ಗೋಳಿಬಜೆ ತೆಗೆದುಕೊಂಡೆ. ಪೊಟ್ಟಣ ಹಿಡಿದು ಕೈ ಹಿಂದಕ್ಕೆ ಚಾಚಿದೆ. ಈ ಸಲ ತೆಗೆದುಕೊಂಡರು.

ಎರಡು ತಿಂದರು. ಆಮೇಲೆ ಧನಿಗಳು ಹೇಳಿದರು.

‘ಅಪೀಲಿಗೆ ಮೂವತ್ತು ದಿನ ಸಮಯ ಉಂಟು.’

‘ಅಪೀಲು ಬೇಡ ಧನೀ. ನನಗೆ ಇದೇ ಸಾಕು.’

ಕನ್ನಡಿಯಲ್ಲಿ ನೋಡಿದೆ. ಧನಿಗಳ ಮುಖ ಸಣ್ಣದಾಯಿತು.

‘ಹಾಕು ಮಾರಾಯ’ ಅಂದರು. ‘ನನಗೆ ಬೇರೆ ಕೆಲಸ ಎಂತ ಉಂಟು? ನಿನ್ನ ಕೆಲಸ ಆಯ್ತು ಅಂತ ತಿಳ್ಕೋ.’